ಹೆನ್ರಿ ಷಾ ಮಹಾಶಯನ ಉದ್ಯಾನ

ಕೆರೆ, ಬಾವಿ, ದೇವಾಲಯ, ಅನ್ನಸತ್ರ, ಉಪವನ ಇವುಗಳನ್ನು ಲೋಕೋಪಕಾರಾರ್ಥವಾಗಿ ಮಾಡಿಸುವುದಕ್ಕೆ ನಮ್ಮ ಶಾಸ್ತ್ರಕಾರರು ಪೂರ್ತವೆಂದು ಹೆಸರಿಟ್ಟಿರುವರು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಇಷ್ಟಾಪೂರ್ತವೆಂಬ ಸಮಾಸವನ್ನು ಬಿಡಿಸುತ್ತ, ಯಜ್ಞದ ಫಲವು ಯಜಮಾನನಿಗೆ, ಪೂರ್ತದ ಫಲವಾದರೋ ದಾರಿಹೋಕನಿಗೂ ಹಕ್ಕಿಗೂ ಸಲ್ಲುವುದೆಂದು ಹೇಳುತ್ತಿದ್ದರು. ಅಂದಿನಿಂದ ಮರ ನೆಟ್ಟವನು ಪುಣ್ಯವಂತನೆಂಬ ವಿಷಯದಲ್ಲಿ ನನಗೆ ಸಂದೇಹವೇ ಇರಲಿಲ್ಲ. ಅದನ್ನು ಮೊದಲು ಹುಟ್ಟಿಸಿದವನು ಅಮೆರಿಕಾ ದೇಶದ ಒಬ್ಬ ದಾನಿ. ಅವನ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಮಗನು ಉದ್ಯೋಗನಿಮಿತ್ತವಾಗಿ ಮಿಸ್ಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿರುವನು. ಕಳೆದ ಬೇಸಗೆಯಲ್ಲಿ ನಾನೂ ನನ್ನ ಮನೆಯವರೂ ಅವನಲ್ಲಿಗೆ ಹೋಗಿ ಮೂರು ತಿಂಗಳಿದ್ದೆವು. ತಲುಪಿದ ವಾರದಲ್ಲಿಯೇ ಅವನು ನಮ್ಮನ್ನು ಅಲ್ಲಿನ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋದನು. ಎಪ್ಪತ್ತೊಂಬತ್ತು ಎಕರೆಯ ವಿಸ್ತಾರ. ಮಧ್ಯದಲ್ಲಿ 1960ರಲ್ಲಿ ಕಟ್ಟಿದ, ಬೋರಲು ಹಾಕಿದ ಬೋಗುಣಿಯಂಥ ಒಂದು ದೊಡ್ಡ ಗಾಜಿನ ಮನೆ. ಹೊರಗೆ ಹಿಮ ಬೀಳುವ ಕಾಲದಲ್ಲಿಯೂ ಒಳಗೆ ನಮ್ಮ ಸೀಮೆಯ ಸೆಕೆ. ಅಲ್ಲಿ ಬಾಳೆಯ ಗಿಡವನ್ನು ಕಂಡು ನನ್ನಾಕೆಯು ತವರಿನವರನ್ನು ಕಂಡಂತೆ ಅದರ ಎಲೆಯನ್ನು ಸವರುತ್ತ ನಿಂತುಬಿಟ್ಟಳು. ಅದರಿಂದ ಸ್ವಲ್ಪ ದೂರದಲ್ಲಿ, ಮರಗಳ ನೆರಳಿನಲ್ಲಿ, ಒಂದು ಸಮಾಧಿಮಂಟಪ. ಅಮೃತಶಿಲೆಯ ಒಬ್ಬ ವೃದ್ಧನು ಕೈಯಲ್ಲಿ ಗುಲಾಬಿಯ ಹೂವೊಂದನ್ನು ಹಿಡಿದು ಮಲಗಿರುವನು.

“ಯಾರಪ್ಪ ಈ ಪುಣ್ಯಾತ್ಮ?” ಎಂದೆನು.

“ಇವರೇ ಹೆನ್ರಿ ಷಾ, ಅಪ್ಪ. ಈ ತೋಟವೆಲ್ಲ ಇವರು ಮಾಡಿಸಿದ್ದು” ಎಂದನು ಮಗ.

ಹೆನ್ರಿ ಷಾ ಹುಟ್ಟಿದ್ದು 1800ರಲ್ಲಿ, ಇಂಗ್ಲೆಂಡಿನ ಷೆಫೀಲ್ಡ್ ಎಂಬ ಊರಿನಲ್ಲಿ. ಚೂರಿ ಕತ್ತರಿಗಳಿಗೆ ಲೋಕಪ್ರಸಿದ್ಧವಾದ ಊರು ಅದು. ತಂದೆಗೂ ಕಬ್ಬಿಣದ ಸಾಮಾನುಗಳನ್ನು ಮಾಡಿಸುವ ವೃತ್ತಿ. ಬಾಲಕನನ್ನು ಓದಿಗೆಂದು ಲಂಡನ್ನಿನ ಬಳಿಯ ಮಿಲ್ ಹಿಲ್ ಶಾಲೆಗೆ ಕಳುಹಿಸಿದರು. ಈ ಶಾಲೆಯಿದ್ದ ಸ್ಥಳವು ಸಾಮಾನ್ಯವಾದುದಲ್ಲ. ಅದಕ್ಕೆ ಮೊದಲು ಅದು ಪೀಟರ್ ಕಾಲಿನ್ಸನ್ ಎಂಬ ಬಟ್ಟೆಯ ವರ್ತಕನ ಮನೆಯಾಗಿತ್ತು. 1768ರಲ್ಲಿ ತೀರಿಕೊಂಡ ಈ ಸಜ್ಜನನು ಫಿಲಡೆಲ್ಫಿಯಾದ ಜಾನ್ ಬಾರ್ಟ್ರಮ್ ಎಂಬ ಬೇಸಾಯಗಾರನೊಡನೆ ದೀರ್ಘಕಾಲ ಪತ್ರವ್ಯವಹಾರ ನಡೆಸಿ, ಅಟ್ಲಾಂಟಿಕ್ ಸಮುದ್ರದ ಆಚೆಯಿಂದ ಪೆಟ್ಟಿಗೆಗಳಲ್ಲಿ ಬೀಜಗಳನ್ನು ತರಿಸಿ, ಅಮೆರಿಕಾದ ಗಿಡಮರಗಳನ್ನು ತನ್ನ ತೋಟದಲ್ಲಿ ಬೆಳೆಸಿದ್ದನು. ಅಮೆರಿಕಾದ ಬೀಜ ಇಂಗ್ಲೆಂಡಿನಲ್ಲಿ ಮರವಾದ ನೆಲದಲ್ಲಿ ಓದಿದ ಹುಡುಗನು ಮುಂದೆ ಅಮೆರಿಕಾಕ್ಕೆ ಹೋಗಿ ತೋಟ ಮಾಡಿದನೆಂಬುದು ವಿಚಿತ್ರವಾದ ಋಣಾನುಬಂಧ.

ತಂದೆಯೊಡನೆ 1818ರಲ್ಲಿ ಕೆನಡಾಕ್ಕೆ ಬಂದ ಷಾ, ಮರುವರ್ಷ ಮಿಸಿಸಿಪಿ ನದಿಯಲ್ಲಿ ಹೊಗೆಹಡಗನ್ನೇರಿ ಸೇಂಟ್ ಲೂಯಿಸ್ ಸೇರಿದನು. ಆಗ ಅದು ಗಡಿನಾಡಿನ ಚಿಕ್ಕ ಪೇಟೆ. ಷೆಫೀಲ್ಡಿನ ಚೂರಿ, ಕತ್ತರಿ, ಕಬ್ಬಿಣದ ಸಾಮಾನುಗಳ ಅಂಗಡಿಯಿಟ್ಟನು. ಪಶ್ಚಿಮಕ್ಕೆ ವಲಸೆ ಹೋಗುವ ಜನಕ್ಕೆಲ್ಲ ಅವು ಬೇಕಾದವುಗಳೇ. ಇಪ್ಪತ್ತು ವರ್ಷಗಳಲ್ಲಿ ಸುಮಾರು ಎರಡೂವರೆ ಲಕ್ಷ ಡಾಲರು ಕೂಡಿತು. ಆಗ ಅವನು, ಒಬ್ಬ ಮನುಷ್ಯನಿಗೆ ಇಷ್ಟು ಸಾಕೆಂದು, ನಲವತ್ತರ ವಯಸ್ಸಿನಲ್ಲಿ ವ್ಯಾಪಾರದಿಂದ ನಿವೃತ್ತನಾದನು. ಸಾಕೆಂಬ ಮಾತು ವರ್ತಕರ ಬಾಯಿಂದ ಬರುವುದು ಎಷ್ಟು ದುರ್ಲಭವೆಂಬುದನ್ನು ವಾಚಕರೇ ಬಲ್ಲರು. ಅವನು ಮದುವೆಯಾಗಲಿಲ್ಲ.

ಅನಂತರ ಅವನು ಯೂರೋಪಿನಲ್ಲಿ ಸಂಚರಿಸಿದನು. 1851ರಲ್ಲಿ ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಂಬಲ್ಲಿ ಡ್ಯೂಕನೊಬ್ಬನ ಉದ್ಯಾನದಲ್ಲಿ ನಡೆದಾಡುತ್ತಿದ್ದಾಗ, ತನ್ನ ಊರಿನ ಹೊರಗೆ ಮರವಿಲ್ಲದೆ ಹುಲ್ಲು ಬೆಳೆದಿದ್ದ ಬಯಲಿನಲ್ಲಿ ತಾನೂ ಏಕೆ ಇಂಥದೊಂದನ್ನು ಮಾಡಬಾರದೆಂಬ ಸಂಕಲ್ಪ ಅವನಲ್ಲಿ ಮೂಡಿತು. ಕ್ಯೂ ಉದ್ಯಾನದ ಅಧಿಪತಿಯಾಗಿದ್ದ ಸರ್ ವಿಲಿಯಂ ಹೂಕರನಿಗೆ ಪತ್ರ ಬರೆದನು. ಬರಿಯ ಹೂದೋಟ ಸಾಲದು, ಗ್ರಂಥಾಲಯವೂ ಒಣಸಸ್ಯಗಳ ಸಂಗ್ರಹವೂ ಇರತಕ್ಕದ್ದೆಂದು ಹೂಕರನು ಬೋಧಿಸಿದನು. ಸೇಂಟ್ ಲೂಯಿಸಿನಲ್ಲಿಯೇ ಇದ್ದ ಜರ್ಮನ್ ವೈದ್ಯ ಜಾರ್ಜ್ ಎಂಗೆಲ್‌ಮನ್ ಸಸ್ಯಶಾಸ್ತ್ರದಲ್ಲಿ ಪ್ರವೀಣನು. ಅವನು ಯೂರೋಪಿಗೆ ಹೋಗಿದ್ದಾಗ ಬರ್ನ್‌ಹಾರ್ಡಿ ಎಂಬ ವಿದ್ವಾಂಸನ ದೊಡ್ಡ ಸಸ್ಯಸಂಗ್ರಹವನ್ನು ಷಾನಿಗಾಗಿ ಕೊಂಡನು. ಆ ಮೂಲಧನವು ಬೆಳೆದು ಇಂದು ಅರವತ್ತು ಲಕ್ಷಕ್ಕೂ ಮಿಗಿಲಾಗಿರುವುದು. ಲಂಡನ್ನಿನ ತೋಟವೊಂದರಲ್ಲಿ ಪಳಗಿದ್ದ ಜೇಮ್ಸ್ ಗರ್ನಿ ಎಂಬಾತನು ಮುಂದೆ ಇಲ್ಲಿ ಮುಖ್ಯ ತೋಟಗಾರನಾದನು. ಹೀಗೆ ಸಮುದ್ರದ ಒಂದು ದಡದ ವಿದ್ಯೆ ಇನ್ನೊಂದು ದಡದ ಬಯಲಿನಲ್ಲಿ ಬೇರುಬಿಟ್ಟಿತು. 1859ರಲ್ಲಿ ತೋಟದ ಬಾಗಿಲು ಸಾರ್ವಜನಿಕರಿಗೆ ತೆರೆಯಿತು.

ದಾನ ಅಲ್ಲಿಗೆ ನಿಲ್ಲಲಿಲ್ಲ. ನೆರೆಯ ವಿಶಾಲವಾದ ಭೂಮಿಯನ್ನು ಊರಿನ ವಿಹಾರವನಕ್ಕಾಗಿ ಕೊಟ್ಟನು. 1885ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರಕ್ಕೆ ಒಂದು ಶಾಲೆಯನ್ನು ಸ್ಥಾಪಿಸಿದನು. 1889ನೆಯ ಆಗಸ್ಟಿನಲ್ಲಿ ತೀರಿಕೊಂಡಾಗ ಆಸ್ತಿಯ ಬಹುಭಾಗ ಉದ್ಯಾನಕ್ಕೇ ಸೇರಿತು. ಹೂಹಣ್ಣುಗಳಲ್ಲಿ ಕಾಣುವ ದೇವರ ಮಹಿಮೆಯನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು. ತೋಟದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಔತಣವಾಗಬೇಕು ಎಂದು ಮರಣಶಾಸನದಲ್ಲಿ ಬರೆದಿಟ್ಟನು. ಈ ಕಡೆಯ ಅಂಶವನ್ನು ಕೇಳಿದಾಗ ನನ್ನ ಕಣ್ಣು ಒದ್ದೆಯಾಯಿತು. ಗುದ್ದಲಿ ಹಿಡಿದವನ ಹೊಟ್ಟೆಯನ್ನು ನೆನೆದ ಧನಿಕರು ಎಷ್ಟು ಮಂದಿ ಇದ್ದಾರು?

ನಾವು ಹಿಂದಿರುಗುವ ಹಿಂದಿನ ವಾರ ನನ್ನ ಸೊಸೆಯು, “ಮಾವ, ನಿಮ್ಮ ಷಾ ಅವರ ಇನ್ನೊಂದು ಕಥೆಯುಂಟು, ಅದನ್ನೂ ನೋಡಿಕೊಂಡೇ ಹೋಗಬೇಕು” ಎಂದು ನನ್ನನ್ನು ನಗರದ ಉತ್ತರಕ್ಕೆ, ಮಿಸಿಸಿಪಿಯ ದಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ತೋಟವಿಲ್ಲ, ಮಂಟಪವಿಲ್ಲ. ಕದಡಿದ ಕೆಂಪು ನೀರು ಮಾತ್ರ ಸದ್ದಿಲ್ಲದೆ ಹರಿಯುತ್ತಿದ್ದಿತು.

ಮಿಸ್ಸೌರಿಯಲ್ಲಿ 1865ರವರೆಗೆ ಗುಲಾಮಗಿರಿಯು ನ್ಯಾಯಸಮ್ಮತವಾಗಿತ್ತು. ನದಿಯ ಆಚೆಯ ಇಲಿನಾಯಿಯಲ್ಲಿ ಅದು ನಿಷಿದ್ಧ. ಹೆನ್ರಿ ಷಾ 1828ರಿಂದ ಗುಲಾಮರನ್ನು ಕೊಂಡು ಇಟ್ಟುಕೊಂಡಿದ್ದನು. ಅವರಲ್ಲಿ ಎಸ್ತರ್ ಎಂಬ ಹೆಂಗಸು ಒಬ್ಬಳು. 1855ನೆಯ ಮೇ 21ರ ರಾತ್ರಿ ಅವಳು ತನ್ನ ಇಬ್ಬರು ಮಕ್ಕಳೊಡನೆ, ಇನ್ನು ಕೆಲವರ ಜೊತೆಯಲ್ಲಿ, ದೋಣಿಯಲ್ಲಿ ಹೊಳೆ ದಾಟಿದಳು. ದಾಟಿಸಿದವಳು ಮೇರಿ ಮೀಚಮ್ ಎಂಬ ಸ್ವತಂತ್ರಳಾದ ಕಪ್ಪು ಜನಾಂಗದ ವಿಧವೆ. ಇವಳ ಗಂಡನಾಗಿದ್ದ ಪಾದ್ರಿಯು, ಕಪ್ಪು ಜನರಿಗೆ ಓದು ಕಲಿಸಕೂಡದೆಂದು 1847ರಲ್ಲಿ ಶಾಸನವಾದಾಗ, ನದಿಯ ನಡುವೆ ಹಡಗಿನಲ್ಲಿ ಪಾಠಶಾಲೆ ನಡೆಸಿದನೆಂದು ಹೇಳುವರು. ಆಚೆಯ ದಡದಲ್ಲಿ ಹಿಡಿಯುವವರು ಕಾದಿದ್ದರು. ಎಸ್ತರಳು ಮಕ್ಕಳ ಸಮೇತ ಸಿಕ್ಕಿಬಿದ್ದಳು. ಷಾ ಅವಳನ್ನು ದಳ್ಳಾಳಿಯ ಮೂಲಕ ದಕ್ಷಿಣದ ವಿಕ್ಸ್‌ಬರ್ಗಿಗೆ ಮಾರಾಟಕ್ಕೆ ಕಳುಹಿಸಿದನು. ಮಕ್ಕಳನ್ನು ತಾಯಿಯಿಂದ ಅಗಲಿಸಲಾಯಿತು. ಯಾವ ನದಿಯಲ್ಲಿ ಷಾ ಭಾಗ್ಯವನ್ನರಸಿ ಮೇಲೇರಿ ಬಂದಿದ್ದನೋ ಅದೇ ನದಿಯ ಕೆಳಗಣ ಊರಿಗೆ ಎಸ್ತರಳು ಹೋದಳು. ಇದಾದ ನಾಲ್ಕು ವರ್ಷಕ್ಕೆ ಉದ್ಯಾನದ ಬಾಗಿಲು ತೆರೆಯಿತು. 2001ರಲ್ಲಿ ಆ ದಡಕ್ಕೆ ಮೇರಿ ಮೀಚಮಳ ಹೆಸರಿನಿಂದ ರಾಷ್ಟ್ರೀಯ ಮನ್ನಣೆ ದೊರೆಯಿತು. ಉದ್ಯಾನದವರೂ ಈಗ ಈ ಸಂಗತಿಯನ್ನು ಮರೆಮಾಚದೆ ಒಪ್ಪಿಕೊಂಡಿರುವರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾಲಧರ್ಮವೆಂದು ಸಮಾಧಾನ ಹೇಳಿಕೊಳ್ಳಲು ನೋಡಿದೆನು. ಆದರೆ ಮೇರಿ ಮೀಚಮಳೂ ಅದೇ ಕಾಲದವಳು, ಅದೇ ಊರಿನವಳು. ಅವಳಿಗೆ ಕಂಡದ್ದು, ದೇಶದೇಶಗಳನ್ನು ಸುತ್ತಿದ ಷಾನಿಗೆ ಏಕೆ ಕಾಣಲಿಲ್ಲ? ಹೂವಿನಲ್ಲಿ ದೇವರನ್ನು ಕಂಡವನು, ಮಕ್ಕಳನ್ನು ಅಪ್ಪಿಕೊಂಡು ಹೊಳೆ ದಾಟಿದ ತಾಯಿಯಲ್ಲಿ ಏನನ್ನು ಕಂಡನು? ಹಾಗೆಂದು ತೋಟವನ್ನು ಹಳಿಯಲೂ ಮನಸ್ಸು ಬಾರದು. ಅದರ ನೆರಳು ನಿಜವಾದದ್ದು; ಅಲ್ಲಿ ನಾನೇ ಕುಳಿತಿದ್ದೆನು. ಪುಣ್ಯವು ಪಾಪವನ್ನು ಕಳೆಯುವುದಿಲ್ಲ, ಎರಡನ್ನೂ ಬೇರೆಬೇರೆಯಾಗಿಯೇ ಉಣ್ಣಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದರ ಅರ್ಥ ನನಗೆ ಅರುವತ್ತು ಕಳೆದ ಮೇಲೆ ಆಯಿತು.

ಷಾನ ಲೆಕ್ಕವನ್ನು ನೋಡುತ್ತಿದ್ದವನಿಗೆ ನನ್ನ ಲೆಕ್ಕವೂ ನೆನಪಾಯಿತು. ನಾನು ಮುಖ್ಯೋಪಾಧ್ಯಾಯನಾಗಿದ್ದ ಒಂದು ಹಳ್ಳಿಯ ಶಾಲೆಯ ಹಿಂದೆ ಅರುವತ್ತು ಸಸಿಗಳನ್ನು ನೆಡಿಸಿದೆನು. ಹೊಂಗೆ, ಬೇವು, ನೇರಳೆ. ಮರುವರ್ಷ ಮಳೆ ಬರಲಿಲ್ಲ, ಶಾಲೆಯ ಬಾವಿ ಬತ್ತಿತು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಬಡವರ ಮನೆಯವನು, ಮೈಯಲ್ಲಿ ಕಸುವುಳ್ಳವನು. ಓದಿನಲ್ಲಿ ಮಂದನೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆನು. ಬೆಳಗಿನ ಎರಡು ಪಾಠಗಳ ಹೊತ್ತು ಅವನು ಕೆರೆಯಿಂದ ನೀರು ಹೊರುತ್ತಿದ್ದನು. ತರಗತಿಯಲ್ಲಿ ಅವನಿಲ್ಲದಿದ್ದರೂ ನಾನು ಹಾಜರಿ ಹಾಕುತ್ತಿದ್ದೆನು. ಸಸಿಗಳು ಉಳಿದವು. ಮೇಲಧಿಕಾರಿಗಳು ಬಂದು ನನ್ನನ್ನು ಹೊಗಳಿ ಬರೆದರು. ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಶಾಲೆಯನ್ನು ಬಿಟ್ಟನು. ನಾನು ಅವನ ಮನೆಗೆ ಹೋಗಿ ವಿಚಾರಿಸಲಿಲ್ಲ.

ಈಗ ಆ ತೋಪು ದೊಡ್ಡದಾಗಿದೆ. ಹಳೆಯ ವಿದ್ಯಾರ್ಥಿಗಳು ಅದಕ್ಕೆ ನನ್ನ ಹೆಸರಿಡಬೇಕೆಂದು ನಿಶ್ಚಯಿಸಿ, ಕಲ್ಲಿನಲ್ಲಿ ಕೆತ್ತಿಸಲು ನನ್ನ ಜೀವನದ ನಾಲ್ಕು ಸಾಲು ಬರೆದು ಕಳುಹಿಸಬೇಕೆಂದು ಕೇಳಿದ್ದರು. ಕಲ್ಲನ್ನು ಸದ್ಯಕ್ಕೆ ನಿಲ್ಲಿಸಬೇಡಿರೆಂದು ಉತ್ತರ ಬರೆದಿರುವೆನು. ಆ ಹುಡುಗನ ಹೆಸರು ನನಗೆ ನೆನಪಿದೆ. ಹಾಜರಿ ಪುಸ್ತಕದಲ್ಲಿ ದಿನವೂ ಕೂಗಿದ ಹೆಸರು. ಅವನನ್ನು ಕೇಳದೆ ಇಲ್ಲಿ ಬರೆಯಲಾರೆನು. ನೆರೆಯ ತಾಲ್ಲೂಕಿನಲ್ಲಿ ಬೇಸಾಯ ಮಾಡಿಕೊಂಡಿರುವನೆಂದು ತಿಳಿದುಬಂದಿದೆ. ಸುಗ್ಗಿ ಮುಗಿದ ಮೇಲೆ ಹೋಗಿ ಕಾಣಬೇಕೆಂದಿರುವೆನು.