ಎಳೆಯರ ಓದು, ಎಳೆಯರ ಮಾತು

ಮಕ್ಕಳು ಏನನ್ನು ಓದಬೇಕೆಂದು ಹಿರಿಯರು ಹೇಳುವುದುಂಟು; ಓದಿದ್ದು ಹೇಗಿತ್ತೆಂದು ಅವರನ್ನು ಕೇಳುವುದು ಅಪರೂಪ. ಗುರುಗಳ ಮುಂದೆ ಪಾಠ ಒಪ್ಪಿಸುತ್ತ ಬೆಳೆದ ನಮ್ಮ ಪೀಳಿಗೆಗಂತೂ ಎಳೆಯರು ಗ್ರಂಥದ ಗುಣದೋಷಗಳನ್ನು ಎಣಿಸುವುದು ಹೊಸ ಸಂಗತಿ.

ಹದಿನಾರರ ಪ್ರಾಯದ ನನ್ನ ಮೊಮ್ಮಗಳು ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಅವರ 'ಸನ್‌ರೈಸ್ ಆನ್ ದಿ ರೀಪಿಂಗ್' ಕಾದಂಬರಿಯನ್ನು ಓದಿದಳು. 2008ರಲ್ಲಿ 'ದಿ ಹಂಗರ್ ಗೇಮ್ಸ್'ನಿಂದ ಆರಂಭವಾದ ಮಾಲೆಯ ಈ ಕೃತಿ ಪ್ರಕಟವಾದದ್ದು 2025ರಲ್ಲಿ. ಇಲ್ಲಿ ಪ್ರಭುತ್ವವು ಪ್ರತಿವರ್ಷ ಚೀಟಿ ಎತ್ತಿ ಎಳೆಯರನ್ನು ಆರಿಸುತ್ತದೆ. ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಲ್ಲಿಸಿ, ಅದನ್ನು ಟಿ.ವಿ.ಯಲ್ಲಿ ತೋರಿಸುತ್ತದೆ. ಐವತ್ತನೆಯ ವರ್ಷವೆಂದು ಈ ಕಥೆಯಲ್ಲಿ 24ರ ಬದಲು 48 ಜನ.

ಇಂಥ ರಕ್ತಪಾತ ಮಕ್ಕಳಿಗೇಕೆಂದು ಸೊಸೆ ಪುಸ್ತಕವನ್ನು ಎತ್ತಿಡಲು ಹೊರಟಳು. ನಾನು ಮೊಮ್ಮಗಳ ಅಭಿಪ್ರಾಯವನ್ನು ಕೇಳಿದೆ.

"ಅಜ್ಜಾ, ಗೆಲ್ಲುವವನು ಯಾರೆಂಬುದು ಹಿಂದಿನ ಪುಸ್ತಕಗಳಿಂದಲೇ ಗೊತ್ತು. ಹಳೆಯ ಪಾತ್ರಗಳನ್ನು ಬೇಡವಾದಲ್ಲಿಯೂ ತಂದಿದ್ದಾರೆ. ಅದು ನನಗೆ ಹಿಡಿಸಲಿಲ್ಲ. ಆದರೆ ಅಲ್ಲಿ ನಡೆದದ್ದು ಒಂದು, ಜನರಿಗೆ ತೋರಿಸಿದ್ದು ಇನ್ನೊಂದು. ಅದನ್ನು ಓದಿದ ಮೇಲೆ ಮೊಬೈಲಿನಲ್ಲಿ ಬರುವ ದೃಶ್ಯಗಳನ್ನು ಸುಮ್ಮನೆ ನಂಬಲಾಗುತ್ತಿಲ್ಲ" ಎಂದಳು.

ಮೆಚ್ಚದ್ದನ್ನು ಮುಚ್ಚಿಡಲಿಲ್ಲ, ಮೆಚ್ಚಿದ್ದಕ್ಕೆ ಕಾರಣ ಕೊಟ್ಟಳು. ವಿಮರ್ಶೆಯೆಂದರೆ ಇದೇ ಅಲ್ಲವೇ? ಪುಸ್ತಕವನ್ನು ಕಸಿದುಕೊಂಡಿದ್ದರೆ ಅವಳು ಮರೆಯಲ್ಲಿ ಓದುತ್ತಿದ್ದಳು. ಈ ಮಾತು ಮಾತ್ರ ನಮಗೆ ದಕ್ಕುತ್ತಿರಲಿಲ್ಲ. ಈಗ ಸೊಸೆಯೇ ಅದನ್ನು ಓದುತ್ತಿದ್ದಾಳೆ. ರಾತ್ರಿಯ ಊಟದ ಹೊತ್ತಿಗೆ ತಾಯಿ-ಮಗಳ ಚರ್ಚೆ ನಡೆಯುತ್ತದೆ.

ತಂದೆತಾಯಂದಿರು ಪುಸ್ತಕವನ್ನು ಮುಚ್ಚಿಸುವ ಮೊದಲು ಮಕ್ಕಳ ಮಾತನ್ನೊಮ್ಮೆ ಪೂರ್ತಿಯಾಗಿ ಕೇಳಲಿ.