ಕಳ್ಳನ ವೇಷದ ಕಾವಲುಗಾರ

ಸೀಬೆ ತೋಟದಲ್ಲಿ ಎಲೆ ಮಗುಚಿ ನೋಡುವ ಚಟ ಹತ್ತಿದವರಿಗೆ ಹಣ್ಣಿನ ನೆನಪೇ ಆಗುವುದಿಲ್ಲ. ಕೈಯಲ್ಲೊಂದು ಭೂತಗನ್ನಡಿ ಇದ್ದರೆ ಸಾಕು, ಒಂದೇ ಕೊಂಬೆಯ ಮುಂದೆ ತಿಂಡಿ ಹೊತ್ತು ದಾಟಿಹೋಗುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಹಿಟ್ಟುತಿಗಣೆ. ಚಿಗುರಿನ ಸಂದಿಯಲ್ಲಿ, ಕಾಯಿಯ ತೊಟ್ಟಿನಲ್ಲಿ, ಮೈತುಂಬ ಬಿಳಿ ಮೇಣದ ಪುಡಿ ಹೊದ್ದು ರಸ ಹೀರುತ್ತಾ ಕೂತಿರುತ್ತದೆ. ಆ ಗುಂಪಿನ ನಡುವೆಯೇ ಇನ್ನೊಂದು ಹುಳ: ಅದಕ್ಕಿಂತ ದಪ್ಪ, ಮೈಯಿಂದ ಬಿಳಿ ಎಳೆಗಳು ಜಡೆಜಡೆಯಾಗಿ ಇಳಿಬಿದ್ದಿವೆ. ಇದು ತಿಗಣೆಗಳ ಅಜ್ಜಿಯೇ ಇರಬೇಕೆಂದು ಬೆಳೆಗಾರ ಔಷಧಿ ಕ್ಯಾನಿಗೆ ಕೈ ಹಾಕಿದರೆ ಆಶ್ಚರ್ಯವಿಲ್ಲ. ಹುಳ ಬಲ್ಲವರು ಹುಲ್ಲುಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ತಿಗಣೆಯಾದರೆ ಮಿಸುಕುವುದೇ ಕಷ್ಟ. ಇದು ಸರಸರ ನಡೆದೇಬಿಡುತ್ತದೆ.

ಇದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ; ತಿಗಣೆಯ ಮೊಟ್ಟೆ, ಮರಿ, ತಾಯಿ ಯಾವುದನ್ನೂ ಬಿಡುವುದಿಲ್ಲ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದಕ್ಕೆ ಪಹರೆ ನಿಂತಿರುತ್ತವಲ್ಲ, ಅವುಗಳ ಕಡಿತದಿಂದ ಪಾರಾಗಲು ಮರಿಗೆ ಈ ಮೇಣದ ಎಳೆಗಳೇ ರಕ್ಷೆ. ದೊಡ್ಡದಾದ ಮೇಲೆ ವೇಷ ಕಳಚುತ್ತದೆ: ಸುಮಾರು 4 ಮಿ.ಮೀ. ಉದ್ದ, ಕಪ್ಪು ಬೆನ್ನು, ಕಿತ್ತಳೆ ತಲೆ. ಗುಲಗಂಜಿ ಎಂದರೆ ಕೆಂಪು ಮೈಗೆ ಚುಕ್ಕೆ ಇರಲೇಬೇಕೆಂದುಕೊಂಡವರು ಆಗಲೂ ಏಮಾರುತ್ತಾರೆ.

ಹುಟ್ಟೂರು ಆಸ್ಟ್ರೇಲಿಯಾ. 1898ರಲ್ಲಿ ಕಾಫಿ ಗಿಡದ ಹಸಿರು ಶಲ್ಕಕೀಟವನ್ನು ತಿನ್ನಲೆಂದು ಇದನ್ನು ಭಾರತಕ್ಕೆ ತಂದರು. ಒಪ್ಪಿಸಿದ ಕೆಲಸ ಇದಕ್ಕೆ ಹಿಡಿಸಲಿಲ್ಲ. ಹಿಟ್ಟುತಿಗಣೆಯ ರುಚಿ ಹತ್ತಿ ದಕ್ಷಿಣದಲ್ಲೇ ನೆಲೆಸಿತು. ಪ್ರಯೋಗಾಲಯದಲ್ಲಿ ಸಾಕುವ ಬಗೆಯೂ ತಮಾಷೆಯದೇ. ಸಿಹಿಗುಂಬಳಕಾಯಿಯ ಮೇಲೆ ಮೊದಲು ತಿಗಣೆಯನ್ನು ಬೆಳೆಸಿ, ಆಮೇಲೆ ಇದನ್ನು ಬಿಡುತ್ತಾರೆ. ಹಾಗೆ ಬೆಳೆದ ಹುಳುಗಳು ದ್ರಾಕ್ಷಿ, ಸೀಬೆ ತೋಟಗಳಿಗೆ ಹೋಗುತ್ತವೆ.

ಬಿಳಿ ವೇಷ ಇದೊಂದರದೇ ಅಲ್ಲ. ಸ್ಪಾಲ್ಗಿಸ್ ಎಂಬ ಪುಟ್ಟ ಚಿಟ್ಟೆಯ ಕಂಬಳಿಹುಳು ತಾನು ತಿಂದ ತಿಗಣೆಯ ಹಿಟ್ಟನ್ನೇ ಮೈಗೆ ಮೆತ್ತಿಕೊಳ್ಳುತ್ತದೆ. ಸೊಪ್ಪು ಬಿಟ್ಟು ಮಾಂಸ ತಿನ್ನುವ ಕಂಬಳಿಹುಳು! ಪಪ್ಪಾಯಿ ಎಲೆಯಲ್ಲಿ ಇದರ ಕೋಶ ಸಿಕ್ಕಿದರಂತೂ ನೋಡಬೇಕು: ಕಣ್ಣು, ಮೂಗು, ಹುಬ್ಬು ಎಲ್ಲ ಇರುವ ಕೋತಿಯ ಮುಖ, ಅದೂ ಕಾಳುಗಾತ್ರದ್ದು.

ಜಾಲರೆಕ್ಕೆಯ ಹಸಿರು ಹುಳು ಇನ್ನೂ ನಾಜೂಕು. ಎಲೆಗೆ ನೂಲಿನಷ್ಟು ಸಣ್ಣ ಕಡ್ಡಿ ನೆಟ್ಟು, ಒಂದೊಂದರ ತುದಿಗೂ ಒಂದೊಂದು ಮೊಟ್ಟೆ ಇಡುತ್ತದೆ. ಇದನ್ನು ಬೂಷ್ಟು ಎಂದು ಒರೆಸಿಹಾಕುವವರೂ ಉಂಟು. ಒಡೆದು ಬರುವ ಮರಿಗಳು ಎಷ್ಟು ಹಸಿದಿರುತ್ತವೆಂದರೆ, ಸಸ್ಯಹೇನು ಸಿಗದಿದ್ದರೆ ಒಡಹುಟ್ಟಿದ್ದನ್ನೂ ಹಿಡಿದು ತಿನ್ನುತ್ತವೆ.