ಅಡುಗೆಮನೆಯಲ್ಲಿ ಮಂಜು

ನಮ್ಮ ಹೊಳೆಹೊನ್ನೂರಿನಲ್ಲಿ ಒಬ್ಬರೇ ಇರುವುದಕ್ಕೆ ಬಹಳ ಉಪಾಯ ಬೇಕು. ಭದ್ರೆಯ ದಂಡೆಗೆ ಹೋಗಿ ಕೂತರೆ ಬಟ್ಟೆ ಒಗೆಯಲು ಬಂದವರು, "ಯಾಕೆ, ಮನೇಲಿ ಜಗಳಾನಾ?" ಅಂತ ವಿಚಾರಿಸುತ್ತಾರೆ. ಸತ್ಯಧರ್ಮ ತೀರ್ಥರ ಬೃಂದಾವನದ ಕಡೆ ಹೋದರೆ ಅಲ್ಲಿ ನೆಂಟರೇ ಸಿಗುತ್ತಾರೆ. ಕೂಡ್ಲಿಗಾದರೂ ಹೋಗೋಣವೆಂದರೆ ಅಲ್ಲಿ ನದಿಗಳೇ ಜೋಡಿ. ತುಂಗೆ ಭದ್ರೆ ಸೇರುವಲ್ಲಿ ಸುಮ್ಮನೆ ನಿಂತವನನ್ನು ಕಂಡರೆ ಯಾರೋ ಒಬ್ಬರು, "ಯಾರ ತಿಥಿ?" ಅನ್ನುತ್ತಾರೆ. ಇಂಥ ಊರಿನವರಿಗೆ ಒಂಟಿತನದ ಮೇಲೆ ಒಂದು ಫ್ರೆಂಚ್ ಸಿನಿಮಾ ತೋರಿಸಬೇಕೆಂಬ ಬುದ್ಧಿ ನನಗೆ ಹುಟ್ಟಿದ್ದು ಹೆಗ್ಗೋಡಿನ ಸಹವಾಸದಿಂದ.

ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಷ್ಟು ಹಿಂದೆಯೇ ನೀನಾಸಂ ಚಿತ್ರಸಮಾಜ ಶುರುಮಾಡಿ, ಅಡಿಕೆ ಸುಲಿದು ಕೈತೊಳೆದು ಬಂದವರ ಮುಂದೆ ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಸಿನಿಮಾಗಳನ್ನು ಓಡಿಸಿದವರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದ ಪೇಟೆಯವರಿಗೆ ಅವರು ವಾದದಲ್ಲಿ ಉತ್ತರ ಕೊಡಲಿಲ್ಲ, ಪ್ರೊಜೆಕ್ಟರಿನಲ್ಲಿ ಕೊಟ್ಟರು. ಅಲ್ಲಿನ ಶಿಬಿರಕ್ಕೆ ಹೋಗಿ ಬಂದವರಿಗೆ ತಾವು ನೋಡಿದ್ದನ್ನು ಊರಿಗೂ ತೋರಿಸುವ ಚಟ ಹತ್ತುತ್ತದೆ. ಊರು ಬೇಡವೆಂದರೂ ಬಿಡುವುದಿಲ್ಲ.

ಹಾಗೆ ಮಳೆಗಾಲದ ಒಂದು ಭಾನುವಾರ ನಮ್ಮ ಪಡಸಾಲೆಯ ಗೋಡೆಗೆ ಬಿಳಿ ಪಂಚೆ ಬಿಗಿದು, ಅಲೆನ್ ರೆನೆಯ 'ಕರ್' ಹಾಕಿದೆ. 2006ರ ಚಿತ್ರ. ಎಂಬತ್ತನಾಲ್ಕರ ವಯಸ್ಸಿನಲ್ಲಿ ರೆನೆ ಇದಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಬೆಳ್ಳಿ ಸಿಂಹ ಪಡೆದ. ಮೂಲ ಒಂದು ಇಂಗ್ಲಿಷ್ ನಾಟಕ, ಅಲನ್ ಐಕ್‌ಬರ್ನ್ ಬರೆದದ್ದು. ಅದನ್ನು ಪ್ಯಾರಿಸ್ಸಿಗೆ ಎತ್ತಿ ತಂದಿದ್ದಾರೆ. ಅಡಿಬರಹ ಇಂಗ್ಲಿಷಿನದು, ಅದಕ್ಕೆ ಕನ್ನಡದ ಬಾಯಿ ನನ್ನದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನಮ್ಮ ಮನೆಯವಳದು. ಬಂದವರಲ್ಲಿ ಅರ್ಧ ಜನ ಬಜ್ಜಿಗೇ ಬಂದದ್ದು. ಅದನ್ನು ಅವರೂ ಮುಚ್ಚಿಡಲಿಲ್ಲ.

ಕಥೆ ಅಂತ ಹೇಳುವುದು ಕಷ್ಟ. ಮನೆ ತೋರಿಸುವ ದಲ್ಲಾಳಿ ಒಬ್ಬ. ಗೆಳತಿಯರ ಜೊತೆ ಹೋಗುತ್ತೇನೆಂದು ಅವನಿಗೆ ಸುಳ್ಳು ಹೇಳಿ, ಹೋಟೆಲಿನಲ್ಲಿ ಕೂತು ಗುರುತಿಲ್ಲದ ಗಂಡಸಿಗೆ ಕಾಯುವ ಅವನ ತಂಗಿ. ಅವನ ಆಫೀಸಿನಲ್ಲಿ ಬಲು ದೈವಭಕ್ತೆ ಹೆಂಗಸು. ಸೈನ್ಯ ಬಿಟ್ಟು ಬಂದು ಕುಡಿಯುತ್ತ ಕೂರುವ ಒಬ್ಬ, ಅವನಿಗಾಗಿ ಮನೆ ಹುಡುಕುವ ಹುಡುಗಿ. ಬಾರಿನಲ್ಲಿ ಅವನಿಗೆ ಸುರಿದು ಕೊಡುವ ಲಿಯೊನೆಲ್, ಆ ಲಿಯೊನೆಲ್ಲನ ಮನೆಯಲ್ಲಿ ಹಾಸಿಗೆ ಹಿಡಿದು ಮಗನನ್ನು ಬೈಯುವ ಅಪ್ಪ. ಅಪ್ಪನ ಮುಖ ಕೊನೆತನಕ ಕಾಣುವುದಿಲ್ಲ, ಬೈಗುಳ ಮಾತ್ರ. ಎಲ್ಲರೂ ಒಬ್ಬರಿಗೊಬ್ಬರು ತಾಗುತ್ತಾರೆ, ಯಾರಿಗೂ ಯಾರೂ ದಕ್ಕುವುದಿಲ್ಲ. ಹೊರಗೆ ಎಡೆಬಿಡದೆ ಮಂಜು ಸುರಿಯುತ್ತದೆ.

ಮೊದಲ ದೃಶ್ಯಕ್ಕೇ ನಮ್ಮ ಮೇಷ್ಟ್ರು ಚುರುಕಾದರು. ಮನೆ ನೋಡಲು ಬಂದ ಹುಡುಗಿ, ಒಂದು ಕೋಣೆಯನ್ನು ಎರಡು ಮಾಡಲು ಕಿಟಕಿಯ ನಡುವೆಯೇ ಗೋಡೆ ಎಬ್ಬಿಸಿರುವುದನ್ನು ಕಂಡು ಮುಖ ಸಿಂಡರಿಸುತ್ತಾಳೆ. "ಅಲ್ಲೂ ಪಾಲಾಗಿದೆ!" ಎಂದರು ಮೇಷ್ಟ್ರು, ದೊಡ್ಡ ಸಮಾಧಾನದಿಂದ. ನಮ್ಮ ಬೀದಿಯಲ್ಲೂ ಅಂಥ ಕಿಟಕಿ ಇದೆ. ಅಣ್ಣತಮ್ಮಂದಿರ ಪಾಲಾದಾಗ ಐದು ಸರಳಿನಲ್ಲಿ ಆ ಕಡೆಗೆ ಎರಡು, ಈ ಕಡೆಗೆ ಎರಡು. ನಡುವಿನ ಸರಳು ಗೋಡೆಯೊಳಗೆ ಗಾರೆಯಲ್ಲಿ ಹೂತುಹೋಗಿದೆ. ಒಂದು ಕಡೆಯವರು ಬಾಗಿಲು ತೆರೆದರೆ ಇನ್ನೊಂದು ಕಡೆಯವರು ತಮ್ಮದನ್ನು ಮುಚ್ಚುತ್ತಾರೆ. ಆ ಮನೆಯ ಅಣ್ಣನೂ ತಮ್ಮನೂ ಅಂದು ಪಡಸಾಲೆಯ ಎರಡು ಮೂಲೆಯಲ್ಲಿ ಕೂತಿದ್ದರು. ಇಬ್ಬರೂ ಏನೂ ಅನ್ನಲಿಲ್ಲ, ಬಜ್ಜಿ ತಿಂದರು.

ಫಜೀತಿಯಾದದ್ದು ಭಕ್ತೆಯ ಕ್ಯಾಸೆಟ್ಟಿನಲ್ಲಿ. ಆಕೆ ದಲ್ಲಾಳಿಗೆ ದೇವರ ಕಾರ್ಯಕ್ರಮದ ವಿಡಿಯೋ ಕೊಡುತ್ತಾಳೆ. ಅದು ಮುಗಿದ ಮೇಲೆ ಟೇಪಿನ ಕೊನೆಯಲ್ಲಿ ಅರೆಬಟ್ಟೆಯ ಹೆಣ್ಣೊಬ್ಬಳ ಕುಣಿತ. ನಾನು ಅನುವಾದ ನಿಲ್ಲಿಸಿ, "ಹಳೇ ಟೇಪು, ಯಾವುದರ ಮೇಲೋ ಯಾವುದೋ ರೆಕಾರ್ಡ್ ಆಗಿದೆ" ಅಂದೆ. ಎಂಬತ್ತು ದಾಟಿದ ನಮ್ಮ ಸೋದರತ್ತೆ, "ಭಜನೆಗಿಂತ ಇದೇ ಚೆನ್ನಾಗಿ ರೆಕಾರ್ಡ್ ಆಗಿದೆಯಲ್ಲೋ" ಅಂದರು.

ಸಿನಿಮಾ ಮುಗಿದು ದೀಪ ಹಾಕಿದೊಡನೆ ಸಭೆ ಎರಡು ಹೋಳಾಯಿತು. ಹೊರದೇಶದಲ್ಲೂ ಇಂಥ ಚಿತ್ರಕ್ಕೆ ಎರಡು ಪಕ್ಷ ಇದ್ದೇ ಇರುತ್ತದೆ. ಒಬ್ಬರಿಗೆ ಮರುಕ, ಇನ್ನೊಬ್ಬರಿಗೆ ಬರೀ ಡಬ್ಬಿಯಲ್ಲಿಟ್ಟ ನಾಟಕ. ಆದರೆ ನಮ್ಮಲ್ಲಿ ಗೆರೆ ಬಿದ್ದ ಜಾಗ ನೋಡಿ ನಾನು ಬೆರಗಾದೆ. ಓದಿದವರು ಓದದವರು ಎಂದಲ್ಲ, ಮುದುಕರು ಹುಡುಗರು ಎಂದೂ ಅಲ್ಲ. ಕಾಫಿ ಕುಡಿಯುವವರೆಲ್ಲ ಒಂದು ಕಡೆ, ಕಾಫಿ ಮಾಡುವವರೆಲ್ಲ ಇನ್ನೊಂದು ಕಡೆ.

ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಮೂರು ಪಾಳಿಯಲ್ಲೂ ದುಡಿದು ನಿವೃತ್ತರಾದ ಭಾವನವರಿಗೆ ಎದೆಯೇ ಭಾರವಾಗಿತ್ತು. "ಛೆ, ಯಾರಿಗೂ ಯಾರೂ ಇಲ್ಲವಲ್ಲೋ. ಸಂಜೆ ಮನೆಗೆ ಬಂದರೆ ಬಂದಿರಾ ಅನ್ನುವವರಿಲ್ಲ." ಕಾರ್ಖಾನೆ ನಿಂತ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸ್ ಸಾಲನ್ನು ನೆನೆದು ಮತ್ತಷ್ಟು ಮಂಕಾದರು. ಮೇಷ್ಟ್ರು ಪಾಶ್ಚಾತ್ಯ ಸಂಸ್ಕೃತಿಯ ಮೇಲೆ ಒಂದು ಸಣ್ಣ ಭಾಷಣವನ್ನೇ ಕೊಟ್ಟರು.

ಒಳಬಾಗಿಲ ಹತ್ತಿರ ಕೂತಿದ್ದ ಹೆಂಗಸರಿಗೆ ಆ ದುಃಖವೇ ಹತ್ತಲಿಲ್ಲ. "ಅಷ್ಟು ದೊಡ್ಡ ಮನೆ, ಬಾಗಿಲು ಹಾಕಿಕೊಂಡರೆ ಕರೆಯುವವರಿಲ್ಲ. ಏನು ಕಷ್ಟ ಅವರಿಗೆ?" ಎಂದಳು ಪಕ್ಕದ ಮನೆಯ ಅಕ್ಕ. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಆಸೆ ಇತ್ತು. ಹೋಟೆಲಿನಲ್ಲಿ ಕಾಯುವ ಆ ತಂಗಿಯ ಬಗ್ಗೆ ಭಾವ ಅಯ್ಯೋ ಅಂದರೆ, ನಮ್ಮಕ್ಕ, "ಕೂತ ಕಡೆಗೇ ತಂದು ಕೊಡ್ತಾರೆ ಕುಡಿಯೋಕೆ, ಕಾಯಲಿ ಬಿಡಿ" ಅಂದಳು.

ಇವರೆಲ್ಲ ಕರಗಿದ್ದು ಒಬ್ಬನೇ ಒಬ್ಬನಿಗೆ, ಲಿಯೊನೆಲ್ಲನಿಗೆ. ಅಪ್ಪ ಸೂಪಿನ ಬಟ್ಟಲು ಎಸೆದಾಗ ಗಂಡಸರು 'ಪಾಪ' ಅಂದಿದ್ದರು, ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಅತ್ತೆ ಮಾವಂದಿರ ಬೆಡ್‌ಪ್ಯಾನ್ ತೆಗೆದವರ ನಗು ಅದು, ಗುರುತು ಹತ್ತಿದ ನಗು. ಕೊನೆಯ ಹೊತ್ತಿಗೆ ಒಂದು ದೃಶ್ಯದಲ್ಲಿ ಲಿಯೊನೆಲ್ಲನ ಮನೆಯೊಳಗೇ, ಮೇಜಿನ ಮೇಲೆ ಚಾಚಿದ ಕೈಗಳ ಮೇಲೇ ಮಂಜು ಬೀಳುತ್ತದೆ. ಮೇಷ್ಟ್ರು ಅದನ್ನು ಪ್ರತಿಮೆ ಎಂದು ಕರೆದರು. ಸೋದರತ್ತೆ ಮಾತ್ರ, "ಅಪ್ಪನ್ನ ನೋಡಿಕೊಳ್ಳೋದರಲ್ಲೇ ಆಯ್ತು ಪಾಪ, ಹೆಂಚು ಕೈಯಾಡಿಸಲಿಕ್ಕೆ ಪುರುಸೊತ್ತೆಲ್ಲಿ?" ಅಂದರು. ನನಗೇನೋ ರೆನೆ ಇದ್ದಿದ್ದರೆ ಅತ್ತೆಯ ಪಕ್ಷ ವಹಿಸುತ್ತಿದ್ದ ಅನ್ನಿಸುತ್ತದೆ.

ನನ್ನ ಪಕ್ಷ ಯಾವುದು ಎಂದು ಮನೆಯವಳು ಆಮೇಲೆ ಕೇಳಿದಳು. ಎರಡೂ ಸರಿ ಎಂದೆ. "ಹಾಗಾದರೆ ನೀವು ಕುಡಿಯೋರ ಪಕ್ಷ" ಎಂದು ಲೋಟ ಎತ್ತಿಕೊಂಡು ಹೋದಳು.

ಸಿನಿಮಾವನ್ನು ಕಸುಬಿನ ಕಣ್ಣಿನಿಂದ ನೋಡಿದವನು ನಮ್ಮೂರ ಸೈಟ್ ಬ್ರೋಕರ್ ಒಬ್ಬನೇ. ಹೊರಡುವಾಗ ಚಪ್ಪಲಿ ಹುಡುಕುತ್ತ ಕೇಳಿದ: "ಸಾರ್, ಆ ಹುಡುಗಿಗೆ ಕೊನೆಗೆ ಮನೆ ಸಿಗಲೇ ಇಲ್ವಾ?"

"ಮದುವೆಯೇ ಮುರಿದುಬಿತ್ತಲ್ಲ. ಒಬ್ಬಳೇ ಆದಳು."

"ಅದಕ್ಕೇನು ಸಾರ್, ಒಬ್ಬಳಿಗೆ ಸಿಂಗಲ್ ಬೆಡ್‌ರೂಮ್ ಧಾರಾಳ ಆಯ್ತು. ಅವನಿಗೆ ವ್ಯಾಪಾರ ಗೊತ್ತಿಲ್ಲ."

ಮೆಟ್ಟಿಲ ಮೇಲೆ ಕೊಡೆ ಬಿಚ್ಚುತ್ತಿದ್ದ ಆಸ್ಪತ್ರೆಯ ಸಿಸ್ಟರ್ ಅಲ್ಲೇ ನಿಂತಳು. ವರ್ಗವಾಗಿ ಈ ಊರಿಗೆ ಬಂದಾಗಿನಿಂದ ಯಾರದೋ ಮನೆಯ ಹಿಂದಿನ ಕೋಣೆಯಲ್ಲಿ ದಿನ ದೂಡುತ್ತಿದ್ದವಳು.

"ಒಂಟಿ ಹೆಂಗಸಿಗೆ ಮನೆ ಕೊಡಿಸ್ತೀರೇನ್ರಿ ಇಲ್ಲಿ?"

ಬ್ರೋಕರ್ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಯೋಚಿಸಿದ.

"ಕೊಡಿಸಬಹುದು ಮೇಡಂ. ಊರಿಂದ ತಾಯಿನ ಕರಕೊಂಡು ಬರ್ತೀರಿ ಅಂತ ಹೇಳೋಣ."